ಮಗ್ಗದ ಕೆಳಗಿನ ತೊಲೆ

ಸಿಲ್ವಿ ಬಡಗಿ ಎಮೆಲಿಯನ್ನು ಮೊದಲು ಕಂಡಾಗ ಅವನಿಗೆ ಕುತ್ತಿಗೆಯಿಂದ ಕೆಳಗೆ ಮೈಯೇ ಇರಲಿಲ್ಲ. ಸರೋವರದಲ್ಲಿ ನೂಲು ಜಾಲಿಸಿಕೊಂಡು ಅವಳು ಒಳಗೆ ಬಂದರೆ, ದಿಮ್ಮಿಮನೆಯ ನೆಲದ ಎರಡು ಹಲಗೆ ಎದ್ದಿದ್ದವು. ಆ ಸಂದಿನಲ್ಲಿ ಒಂದು ತಲೆ. ಹುಬ್ಬಿನ ಮೇಲೆ ಜೇಡರ ಬಲೆ, ಹಲ್ಲುಗಳ ನಡುವೆ ಒಂದು ಕಡ್ಡಿ. ಮುಳುಗಲು ಮನಸ್ಸಿಲ್ಲದ ಜೂನ್ ಬಿಸಿಲಿನಲ್ಲಿ ಧೂಳು ಆ ತಲೆಯ ಸುತ್ತ ಹೊನ್ನಿನಂತೆ ತೇಲುತ್ತಿತ್ತು.

"ನೆಲದಡಿ ಗಾಳಿಕಿಂಡಿಗೆ ಹುಲ್ಲು ತುರುಕಿದ್ಯಾರು?" ಎಂದಿತು ತಲೆ.

"ಚಳಿಗಾಲಕ್ಕೆ ಎಲ್ರೂ ತುರುಕ್ತಾರೆ."

"ಚಳಿ ಹೋದ್ಮೇಲೆ ಎಲ್ರೂ ತೆಗೀತಾರೆ ತಾಯಿ."

"ಅದ್ರಲ್ಲಿ ಬೆಕ್ಕು ಮರಿ ಹಾಕಿತ್ತು. ಮುಂದಿನ ವರ್ಷಾನೂ ಹಾಕ್ತು."

"ಗಾಳಿ ಆಡ್ದೆ ತೊಲೆ ಕೊಳೆತದೆ. ಹಂಗಾದ್ರೆ ಅದನ್ನ ತಿಂದಿದ್ದು ಬೆಕ್ಕು ಅನ್ನಿ."

ಒಲೆಯ ಪಕ್ಕದಿಂದ ಸೋದರತ್ತೆ ಲೋವೀಸಾ ಕಿಸಕ್ಕನೆ ನಕ್ಕಳು. ಆ ತೊಲೆಯ ಮೇಲೆಯೇ ಮಗ್ಗವಿತ್ತು. ಅದರ ಒಂದು ಕಾಲು ಕುಸಿದು ನೇಯ್ಗೆ ಸೊಟ್ಟಗಾಗುತ್ತಿತ್ತು. ಎಮೆಲಿಗಿಂತ ಮೊದಲು ಬಂದಿದ್ದ ಬಡಗಿ, ಮಗ್ಗಕ್ಕೆ ಬಿಗಿದ ಉದ್ದನೆಯ ಎಳೆಗಳ ಹಾಸು ಕತ್ತರಿಸಿ ಮಗ್ಗವನ್ನು ಹೊರಗಿಡಿ ಎಂದಿದ್ದ. ಆ ಹಾಸಿನ ಎಳೆಗಳನ್ನೆಲ್ಲ ಕಟ್ಟಿದವಳು ಲೋವೀಸಾ. ಆಮೇಲೆ ಅವಳ ಕೈ ನಡುಗತೊಡಗಿತು. ಇನ್ನೊಂದು ಹಾಸು ಅವಳಿಂದ ಆಗದು. ಸಿಲ್ವಿ ಕತ್ತರಿ ಮುಟ್ಟಲಿಲ್ಲ.

"ಮಗ್ಗ ಅಲ್ಲೇ ಇರ್ಲಿ. ನೀವು ನೇಯ್ತಾ ಇರಿ," ಎಂದು ಎಮೆಲಿ ಮತ್ತೆ ಕೆಳಗಿಳಿದ.

ಮರದ ಕಾರ್ಖಾನೆಯ ಸದ್ದು ಅವನ ಒಂದು ಕಿವಿಯನ್ನೂ ಇನ್ನೊಂದರ ಅರ್ಧವನ್ನೂ ಕೆಡಿಸಿತ್ತು. ಕಡ್ಡಿಯ ಒಂದು ತುದಿಯನ್ನು ತೊಲೆಗೆ ಒತ್ತಿ, ಇನ್ನೊಂದನ್ನು ಕಚ್ಚಿಕೊಂಡು ಮಲಗುತ್ತಿದ್ದ. ಮೇಲೆ ಸಿಲ್ವಿ ನೇಯುತ್ತ ಮಗ್ಗದ ಹಣಿಗೆಯನ್ನು ಬಡಿದರೆ, ಗಟ್ಟಿ ಮರ ಆ ಪೆಟ್ಟನ್ನು ಹಲ್ಲಿಗೆ ತಲುಪಿಸುತ್ತಿತ್ತು, ಕೊಳೆತದ್ದು ನುಂಗಿಬಿಡುತ್ತಿತ್ತು. ಆ ಕತ್ತಲಲ್ಲಿ ಯುದ್ಧದಲ್ಲಿ ಗಡಿಯಾಚೆ ಉಳಿದುಹೋದ ತನ್ನ ಮನೆಯ ನೆಲದಡಿಯೇ ಮಲಗಿದಂತೆ, ಮೇಲೆ ಯಾರೋ ತನ್ನವರು ಓಡಾಡಿದಂತೆ ಆಗುತ್ತಿತ್ತು ಎಂದು ಅವನು ಎಷ್ಟೋ ದಿನದ ಮೇಲೆ ಸಿಲ್ವಿಗೆ ಹೇಳಿದ.

ಎಮೆಲಿ ಗಟ್ಟಿ ಮರದ ಕೆಳಗೆ ಆಸರೆ ಕೊಟ್ಟು, ಕೊಳೆತ ತುದಿ ಕೊಯ್ದು, ಒಣಗಿದ ಪೈನ್ ತೊಲೆಯೊಂದನ್ನು ಪಕ್ಕಕ್ಕೆ ಸೇರಿಸಿ ಬೋಲ್ಟು ಬಿಗಿದ. ಇನ್ನು ಕುಸಿದ ತೊಲೆಯನ್ನು ಕೆಳಗಿನಿಂದ ಮೇಲೆತ್ತಬೇಕು. ಅವಸರ ಮಾಡಿದರೆ ಮಗ್ಗ ತಿರುಚಿ ಹಾಸು ಹರಿಯುತ್ತದೆ. ಲೋವೀಸಾ ಎಳೆಗಳ ಮೇಲೆ ಅಂಗೈ ಇಟ್ಟು ಕೂತಳು. ಅವಳು ಊರುಗೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿದರೆ ಎತ್ತು, ಒಂದು ಸಲವಾದರೆ ನಿಲ್ಲಿಸು.

"ಅವನು ನಿದ್ದೆ ಹೋದ್ನೇನೇ?"

"ನೀನು ಕುಟ್ಟಿದ್ರೆ ತಾನೆ ಅತ್ತೆ ಎತ್ತೋದು."

"ಇರು. ಎಳೆ ಇನ್ನೂ ಉಸಿರು ಬಿಗಿ ಹಿಡ್ಕೊಂಡದೆ."

ಕೂದಲೆಳೆಯಷ್ಟು ಏರುವುದು, ಕಾಯುವುದು. ಹೀಗೆ ದಿನಗಳು ಕಳೆದವು. ಕೊನೆಯ ಏರಿಕೆಯಲ್ಲಿ ಅಂಚಿನ ಒಂದೇ ಒಂದು ಎಳೆ ಹರಿಯಿತು. ಗಂಟು ಹಾಕಲು ಮುಂದೆ ಬಂದ ಸಿಲ್ವಿ, ಅತ್ತೆಯೇ ಕೈ ಚಾಚಿದ್ದು ಕಂಡು ಅಲ್ಲೇ ನಿಂತಳು. ಲೋವೀಸಾಳ ಬೆರಳುಗಳು ನಡುಗುತ್ತಲೇ ತುದಿಗಳನ್ನು ಹುಡುಕಿದವು, ಕಳೆದುಕೊಂಡವು, ಮತ್ತೆ ಹುಡುಕಿದವು. ಎಮೆಲಿ ಹಲಗೆಗಳ ಸಂದಿನಿಂದ ತಲೆ ಎತ್ತಿ ನೋಡುತ್ತಿದ್ದ. ಬಗ್ಗಿಸಿಟ್ಟ ಕಾಫಿ ತಣ್ಣಗಾಗುವ ಹೊತ್ತಿಗೆ ಗಂಟು ಬಿತ್ತು.

"ನೇಯಿ," ಎಂದಳು ಮುದುಕಿ.

ಅದಾಗಿ ವರ್ಷಗಳು ಕಳೆದಿವೆ. ಮಂಡಿ ಸೋತ ಎಮೆಲಿ ಈಗ ನೆಲದಡಿಗೆ ಇಳಿಯುವುದಿಲ್ಲ. ಸಿಲ್ವಿಯನ್ನು ಮದುವೆಯಾಗಿ ಆ ಮನೆಯಲ್ಲೇ ಇದ್ದಾನೆ; ಅವಳು ನೇಯುವಾಗ ಪಕ್ಕದಲ್ಲಿ ಕೂತು ಲಾಳಿಗೆ ನೂಲು ಸುತ್ತಿ ಕೊಡುತ್ತಾನೆ.