ಅವಧಿ ಮುಗಿದರೂ ಕುರ್ಚಿ ಬಿಡದ ಕತ್ತರಿ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಉದ್ಯಾನದ ಬೇಲಿಗಿಡಗಳ ನಡುವೆ ಕತ್ತರಿಯ ಸದ್ದು ಮಾತ್ರ ಕೇಳುತ್ತಿದೆ. ಅದನ್ನು ಹಿಡಿದಾಕೆಗೆ ಜೊತೆಯವರು ಇಟ್ಟ ಹೆಸರೇ ಕತ್ತರಿ ಅಕ್ಕ. ಕೈಚೀಲದಲ್ಲಿ ನೀರಿನ ಬಾಟಲಿ ಇದೆ, ಮಧ್ಯಾಹ್ನದವರೆಗೂ ಮುಚ್ಚಳ ತೆರೆಯುವುದಿಲ್ಲ. "ಕುಡಿದ್ರೆ ಹೋಗ್ಬೇಕಾಗುತ್ತೆ. ಹೋಗೋಕೆ ಜಾಗ ಎಲ್ಲಿದೆ ಹೇಳಿ?" ಎನ್ನುತ್ತಾರೆ. ಇಲ್ಲಿ ಕೆಲಸ ಮಾಡುವ ಹೆಂಗಸರು ದೊಡ್ಡ ರಸ್ತೆ ದಾಟಿ ಬಸ್ ನಿಲ್ದಾಣದ ಶೌಚಾಲಯಕ್ಕೆ ಓಡಬೇಕು.

ಈ ಅಕ್ಕ ನಗರದ ಉದ್ಯಾನ ಮಂಡಳಿಯ ಸದಸ್ಯೆಯೂ ಹೌದು ಎಂದರೆ ವಾಕಿಂಗ್ ಬರುವವರು ನಂಬುವುದಿಲ್ಲ. ಮನೆಯಲ್ಲಿ ಗಂಡ "ಮೆಂಬರಮ್ಮ ಬಂದ್ರು, ದಾರಿ ಬಿಡ್ರಪ್ಪಾ" ಎಂದು ಛೇಡಿಸುತ್ತಾರಂತೆ. ಮಂಡಳಿಯಲ್ಲಿ ಏಳು ಕುರ್ಚಿ. ಎರಡು ನಗರಸಭೆಯವರಿಗೆ, ಮೂರು ಬಡಾವಣೆಗಳ ನಿವಾಸಿಗಳಿಗೆ, ಒಂದು ಶಾಲಾ ಶಿಕ್ಷಕರಿಗೆ. ಉಳಿದದ್ದು ಕೆಲಸಗಾರರದು. ಅವಧಿ ಮೂರು ವರ್ಷ. ಆದರೆ ಎಲ್ಲರೂ ಒಟ್ಟಿಗೆ ಇಳಿಯುವುದಿಲ್ಲ, ವರ್ಷಕ್ಕೆ ಇಬ್ಬರೋ ಮೂವರೋ ಅಷ್ಟೆ. ಯಾಕೆ ಹೀಗೆ ಎಂದು ಕೇಳಿದರೆ ಅಕ್ಕ ನಗುತ್ತಾರೆ: "ಬೇಲೀನ ಒಂದೇ ಸಲ ಬುಡದವರೆಗೂ ಕತ್ತರಿಸ್ತೀವಾ? ಹಳಬರು ನಾಲ್ಕು ಜನ ಇದ್ರೆ, ಕೆಲಸ ಎಲ್ಲಿಗೆ ಬಂತು ಅಂತ ಹೊಸಬರಿಗೆ ಹೇಳೋರಾದ್ರೂ ಇರ್ತಾರೆ."

ಅಕ್ಕನ ಮೂರು ವರ್ಷ ಹೋದ ತಿಂಗಳೇ ಮುಗಿದಿದೆ. ಬೆನ್ನಿಗೇ ಎರಡನೇ ಅವಧಿ ಕೊಡುವಂತಿಲ್ಲ. ಹೆಂಗಸರ ಶೌಚಾಲಯದ ವಿಷಯ ಮಾತ್ರ ಸಭೆಯಿಂದ ಸಭೆಗೆ ಮುಂದಕ್ಕೆ ಹೋಗುತ್ತಲೇ ಇದೆ. ಆದರೂ ಅವರ ಕುರ್ಚಿ ಖಾಲಿಯಾಗಿಲ್ಲ. ಹೊಸಬರು ಬಂದು ಕೂರುವ ತನಕ ಹಳಬರೇ ಮುಂದುವರಿಯಬೇಕೆಂಬ ನಿಯಮವೊಂದಿದೆ. ಅದು ಕಿವಿಗೆ ಬಿದ್ದದ್ದೇ ತಡ, ಅಕ್ಕನೇ ಇರಲಿ ಎಂದು ಕೆಲಸಗಾರರಲ್ಲಿ ಒಬ್ಬರೂ ಹೆಸರು ಕೊಡುತ್ತಿಲ್ಲ!

"ನಗರಸಭೆ ಸಾಹೇಬ್ರು ನನ್ನೂ ಕೇಳಿದ್ರು. ಸೊಂಟ ನೋವು ಅಂದ್ಬಿಟ್ಟೆ" ಎನ್ನುತ್ತಾಳೆ ಗಿಡಗಳಿಗೆ ನೀರು ಹಾಯಿಸುವ ಹುಡುಗಿ.

"ದಿನವೆಲ್ಲ ಪೈಪು ಎಳೀತೀಯಲ್ಲೇ, ಆಗೆಲ್ಲಿ ಹೋಗಿರುತ್ತೆ ನೋವು?" ಅಕ್ಕ ಗದರುತ್ತಾರೆ.

"ಕುರ್ಚಿ ಕಂಡ್ರೆ ಮಾತ್ರ ಬರೋ ನೋವು ಕಣಕ್ಕಾ ಇದು."

ಮಂಗಳವಾರ ಶೌಚಾಲಯದ ವಿಷಯ ಮತ್ತೆ ಸಭೆಗೆ ಬರಲಿದೆ. ನಾಲ್ಕು ಕೈ ಮೇಲೇಳಬೇಕು. ಅಕ್ಕನದೂ ಸೇರಿ ಮೂರು ಖಚಿತ. ಶಿಕ್ಷಕರು ಇನ್ನೂ ಯೋಚಿಸುತ್ತಿದ್ದಾರೆ. "ಒಂದಿನ ನಮ್ಜೊತೆ ಬೆಳಗ್ಗೆಯಿಂದ ಇದ್ದು ನೋಡಿ ಮೇಷ್ಟ್ರೇ ಅಂದಿದೀನಿ. ನಾಳೆ ಬರ್ತಾರಂತೆ."

ಕುರ್ಚಿಯ ರುಚಿ ಹತ್ತಿದೆಯೇ ಎಂದು ಕೆಣಕಿದೆ. ಅಕ್ಕ ಕತ್ತರಿಗೆ ಅಂಟಿದ ಎಲೆಗಳನ್ನು ಒರೆಸಿದರು. "ಒಂದು ಬಾಗಿಲು, ಒಳಗಿಂದ ಹಾಕ್ಕೊಳ್ಳೋಕೆ ಒಂದು ಚಿಲಕ. ಅದಾದ ದಿನ ಈ ಸೊಂಟನೋವಿನವಳ ಕೈ ಹಿಡ್ಕೊಂಡು ಹೋಗಿ ನಾನೇ ಆ ಕುರ್ಚೀಲಿ ಕೂರಿಸ್ತೀನಿ."