ನಾಲ್ಕನೇ ಸರದಿಯ ತುತ್ತು

ನನ್ನ ಕೈಯಲ್ಲಿ ಉಣ್ಣದ ಮಗು ಈ ಸೀಮೆಯಲ್ಲೇ ಹುಟ್ಟಿಲ್ಲ ಎಂದು ಬಹಳ ವರ್ಷ ಜಂಬ ಕೊಚ್ಚಿಕೊಂಡವಳು ನಾನು. ನನ್ನ ಇಬ್ಬರು ಗಂಡುಮಕ್ಕಳ ಮಾತು ಬಿಡಿ, ತೋಟದ ಆಳುಗಳ ಮಕ್ಕಳು, ನಾದಿನಿಯ ಮಕ್ಕಳು, ಮೊಬೈಲ್ ತೋರಿಸದೆ ಬಾಯಿ ತೆರೆಯದ ಪೇಟೆಯ ಮಕ್ಕಳು, ಎಲ್ಲರಿಗೂ ಉಣ್ಣಿಸಿದ್ದೇನೆ. ಆ ಜಂಬ ಇಳಿದದ್ದು ಎರಡು ವರ್ಷದ ಹಿಂದಿನ ಕಾಫಿ ಕೊಯ್ಲಿನಲ್ಲಿ. ಇಳಿಸಿದವಳಿಗೆ ಆಗಿನ್ನೂ ಮೂರು ವರ್ಷ.

ಸಕಲೇಶಪುರದಿಂದ ವನಗೂರಿನ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸು ಇಳಿದು ಜೀಪು ಹತ್ತಬೇಕಾದ ಏರಿನಲ್ಲಿ ನಮ್ಮ ಹನ್ನೆರಡು ಎಕರೆ ತೋಟ. ಮನೆಯ ಪಕ್ಕದ ಹಳೇ ಸ್ಟೋರಿಗೆ ಹೊಸ ಹೆಂಚು ಹೊದಿಸಿ, ಎರಡು ಕೋಣೆ ಮಾಡಿ, ಹೋಂಸ್ಟೇ ನಡೆಸುತ್ತೇವೆ. ಬರುವವರೆಲ್ಲ ಶನಿವಾರ ಬಂದು ಭಾನುವಾರ ಹೋಗುವವರು. ಆ ಜನವರಿಯಲ್ಲಿ ಮಾತ್ರ ಹತ್ತು ದಿನಕ್ಕೆ ಕೋಣೆ ಬೇಕೆಂದು ಫೋನ್ ಬಂತು. ಮಾತಾಡಿದವರು ಒಂದು ಮಕ್ಕಳ ಮನೆಯ ಮೇಡಂ. ಇಟಲಿಯಿಂದ ಗಂಡ ಹೆಂಡತಿ ಬಂದಿದ್ದಾರೆ, ನಮ್ಮಲ್ಲಿರುವ ಹೆಣ್ಣುಮಗುವೊಂದನ್ನು ದತ್ತು ತೆಗೆದುಕೊಂಡಿದ್ದಾರೆ, ಮಗುವಿನ ಪಾಸ್‌ಪೋರ್ಟ್ ಬರುವವರೆಗೆ ಇಲ್ಲೇ ಇರಬೇಕು, ಲಾಡ್ಜಿನಲ್ಲಿ ಲಿಫ್ಟ್ ಬಾಗಿಲು ಮುಚ್ಚಿದರೆ ಸಾಕು ಮಗು ಕಿರುಚಿಕೊಳ್ಳುತ್ತದೆ, ಎಲ್ಲಾದರೂ ನೆಲದ ಮೇಲಿನ ಮನೆ ಬೇಕು ಎಂದರು. ಪಾಸ್‌ಪೋರ್ಟ್ ಬರುವ ಮುಂಚೆ ತಾವೊಮ್ಮೆ ಬಂದು, ಮಗು ಹೊಂದಿಕೊಂಡಿದೆಯೋ ಇಲ್ಲವೋ ನೋಡಿ ಬರೆದುಕೊಡಬೇಕು ಎಂದೂ ಹೇಳಿದರು.

"ಕಳ್ಸಿ ಮೇಡಂ. ಹತ್ತು ದಿನದಲ್ಲಿ ಮಗು ಹೆಂಗೆ ದುಂಡಗಾಗಲ್ಲ ನಾನೂ ನೋಡ್ತೀನಿ" ಎಂದೆ.

ಜೀಪು ಬಂದು ನಿಂತಾಗ ಅವರು ಇಳಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವನ ಎರಡೂ ಕೈಯಲ್ಲಿ ಪೆಟ್ಟಿಗೆ. ಅವಳು ಮಗುವನ್ನು ತುಂಬಿದ ಕೊಡ ಹಿಡಿದಂತೆ ಎದೆಗೆ ಒತ್ತಿಕೊಂಡಿದ್ದಳು, ಎಲ್ಲಿ ತುಳುಕೀತೋ ಎನ್ನುವ ಹಾಗೆ. ನಲವತ್ತು ದಾಟಿದ ಹೆಂಗಸು, ಉದ್ದನೆಯ ಮೂಗು, ಗಂಡಸರಂತೆ ಕತ್ತರಿಸಿದ ಕೂದಲು. ಮಗು ಮಾತ್ರ ಒಂದು ಕಾಲಿನ ಚಪ್ಪಲಿಯನ್ನು ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ನಮ್ಮ ನಾಯಿಯನ್ನು ನೋಡುತ್ತಿತ್ತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ದೊಡ್ಡವಳಾದ ಮೇಲೆ ಬೇಕಿದ್ದರೆ ತಾನೇ ಹೇಳಿಕೊಳ್ಳಲಿ. ನಾವು ಪುಟ್ಟಿ ಎಂದೇ ಕರೆದೆವು.

ಎಂಬತ್ತು ದಾಟಿದ ನನ್ನ ಅತ್ತೆ ಜಗಲಿಯಿಂದಲೇ ನೋಡಿ, "ಅಷ್ಟು ದೂರದಿಂದ ನಮ್ ಕಡೆ ಕೂಸಿಗೆ ಅಂತ ಬಂದವ್ರಲ್ಲ, ಋಣ ಕಣೆ" ಎಂದರು.

ಆ ಇಟಲಿಯ ಹೆಂಗಸಿನ ಹತ್ತಿರ ಒಂದು ಪುಟ್ಟ ನೋಟ್ ಪುಸ್ತಕವಿತ್ತು. ಅದರಲ್ಲಿ ಕನ್ನಡದ ಮಾತುಗಳನ್ನು ಅವರ ಅಕ್ಷರದಲ್ಲಿ ಬರೆದುಕೊಂಡಿದ್ದಳು. ಬಾ, ಹಾಲು, ನೀರು, ನೋವಾ, ನಿದ್ದೆ, ಹೆದರಬೇಡ. ಆರು ವರ್ಷ ಕಾದಿದ್ದಾರಂತೆ. ಕೊನೆಯ ಒಂದು ವರ್ಷ ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ಕೂತು ಇದನ್ನೇ ಬಾಯಿಪಾಠ ಮಾಡುತ್ತಿದ್ದರಂತೆ. ನನ್ನ ಹರಕು ಇಂಗ್ಲಿಷು, ಅವರ ಹರಕು ಇಂಗ್ಲಿಷು, ಇಬ್ಬರದೂ ಮುಗಿದಲ್ಲಿ ಅವರ ಫೋನಿನ ಅನುವಾದ. ಹೇಗೋ ಸಂಸಾರ ಸಾಗಿತು.

ಊಟ ಮಾತ್ರ ಸಾಗಲಿಲ್ಲ. ಪುಟ್ಟಿಗೆಂದೇ ನಾನು ಸಣ್ಣದೊಂದು ಸ್ಟೀಲ್ ತಟ್ಟೆ ತೆಗೆದಿಟ್ಟಿದ್ದೆ. ಕುರ್ಚಿಯ ಮೇಲೆ ದಿಂಬು ಹಾಕಿ ಕೂರಿಸಿ, ಮೆತ್ತಗೆ ಬೇಯಿಸಿದ ಅನ್ನಕ್ಕೆ ತುಪ್ಪ ಹಾಕಿ, ಅವಳ ಮುಂದಿಟ್ಟೆವು. ಮಗು ಅಳಲಿಲ್ಲ, ತಳ್ಳಲಿಲ್ಲ, ಹಟ ಮಾಡಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿತು. ಒಮ್ಮೆ ಎಡಕ್ಕೆ ನೋಡಿತು, ಒಮ್ಮೆ ಬಲಕ್ಕೆ ನೋಡಿತು, ಆಮೇಲೆ ತಟ್ಟೆ ನೋಡುತ್ತಾ ಸುಮ್ಮನಾಯಿತು. ಆ ತಾಯಿ ಚಮಚ ಹಿಡಿದು ಬಗ್ಗಿ, "ಊತಾ ಮಾದು ಚಿನ್ನಾ" ಎಂದು ಎಷ್ಟು ಸಲ ಹೇಳಿದಳೋ! ಬಾಯಿ ತೆರೆಯಲಿಲ್ಲ. ಎರಡು ದಿನ ಬರೀ ಹಾಲು, ನಾಲ್ಕು ಬಿಸ್ಕತ್ತು.

ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಬಟ್ಟಲನ್ನು ಕಿತ್ತುಕೊಂಡೆ ಎಂದೇ ಹೇಳಬೇಕು. ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಕಾಫಿ ಒಣಗಿಸುವ ಕಣಕ್ಕೆ ನಡೆದೆ. ನಮ್ಮಲ್ಲಿ ಮಕ್ಕಳಿಗೆ ಉಣ್ಣಿಸುವುದೇ ಹಾಗೆ: ಕಾಗೆ ತೋರಿಸಿ, ನಾಯಿ ತೋರಿಸಿ. "ಕಾಕಣ್ಣಂಗೊಂದು, ನಾಯಣ್ಣಂಗೊಂದು, ಗುಬ್ಬಕ್ಕಂಗೊಂದು, ಪುಟ್ಟಿಗೊಂದು" ಎಂದು ಹೇಳುತ್ತಾ ಕಾಗೆಗೆ ಒಂದು ಅನ್ನದ ಉಂಡೆ ಎಸೆದೆ, ನಾಯಿಗೆ ಒಂದು ಹಾಕಿದೆ, ಗುಬ್ಬಿಗೆ ಒಂದು ಚೆಲ್ಲಿದೆ, ನಾಲ್ಕನೆಯದನ್ನು ಇವಳ ಬಾಯಿಯ ಹತ್ತಿರ ತಂದೆ. ಬಾಯಿ ತೆರೆಯಿತು! ಬಟ್ಟಲು ಖಾಲಿಯಾಗುವವರೆಗೆ ತೆರೆಯಿತು. ಕಣದಲ್ಲಿ ಕಾಫಿ ತಿರುವುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾನು ಖಾಲಿ ಬಟ್ಟಲನ್ನು ಆ ತಾಯಿಗೆ ತೋರಿಸಿ, ಮೆಡಲ್ ಗೆದ್ದವಳಂತೆ ನಿಂತೆ. ಅವಳು ಚಪ್ಪಾಳೆ ತಟ್ಟಿದಳು. ಪಾಪ, ಮನಸಾರೆ ತಟ್ಟಿದಳು.

ಅಲ್ಲಿಂದ ಮೂರು ಹೊತ್ತೂ ನಾನೇ. ಉಣ್ಣಿಸುವವಳು ನಾನಾದ ಮೇಲೆ ಎತ್ತಿಕೊಳ್ಳುವವಳೂ ನಾನೇ, ಮುಖ ತೊಳೆಸುವವಳೂ ನಾನೇ, ಬಿದ್ದರೆ ಊದುವವಳೂ ನಾನೇ ಆದೆ. ಐದನೆಯ ದಿನ ಬೆಳಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಹಿಂದಿನಿಂದ ಬಂದು ನನ್ನ ಸೆರಗು ಎಳೆದು "ಅವ್ವಾ" ಎಂದಳು. ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಹಿಗ್ಗಾಯಿತು. ಎರಡನೆಯದೂ ಗಂಡೇ ಎಂದು ಗೊತ್ತಾದ ದಿನ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತವಳು ನಾನು. ಒಂದು ಹೆಣ್ಣುಕೂಸು ನನ್ನ ಸೆರಗು ಹಿಡಿದು ನಿಂತಿದೆ ಎಂದರೆ ರೊಟ್ಟಿ ಸೀದರೂ ನನಗೆ ಲೆಕ್ಕಕ್ಕಿರಲಿಲ್ಲ.

ಆ ದಿನವೇ ಮೇಡಂ ಫೋನ್ ಮಾಡಿ, ಶನಿವಾರ ಬರುತ್ತೇನೆ ಎಂದರು. ಅಂದರೆ ಎರಡೇ ದಿನ. ಸಂಜೆ ಆ ತಾಯಿ ಪುಟ್ಟಿಯನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಪುಟ್ಟಿ ಬೆನ್ನು ಬಿಲ್ಲಾಗಿಸಿ, ನನ್ನ ಕುತ್ತಿಗೆ ಹಿಡಿದುಕೊಂಡು ಅತ್ತಳು. ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಆ ಹೆಂಗಸು ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಪ್ಯಾಂಟಿನ ಜೇಬಿಗೆ ಇಟ್ಟುಕೊಂಡಳು. ಆಮೇಲೆ ಅಡುಗೆಮನೆಗೆ ಬಂದು ಫೋನಿಗೆ ಏನೋ ಹೇಳಿ, ಅದನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಕನ್ನಡದಲ್ಲಿ ಹೀಗೆ ಬಂದಿತ್ತು: "ಅವಳು ನಿಮ್ಮ ಜೊತೆ ಸಂತೋಷವಾಗಿದ್ದಾಳೆ. ನಾನು ಅವಳಿಗೆ ಬೇಡವಾದರೆ ಕರೆದುಕೊಂಡು ಹೋಗುವುದು ತಪ್ಪು ಅಲ್ಲವೇ?"

"ನೋ ನೋ, ಬೇಬಿ ಹ್ಯಾಪಿ, ನೋ ಪ್ರಾಬ್ಲಂ" ಎಂದು ನಗುತ್ತಾ ತಳ್ಳಿಹಾಕಿದೆ. ಅವಳು ಹೊರಗೆ ಹೋಗಿ ಸೌದೆ ರಾಶಿಯ ಹಿಂದೆ ನಿಂತು ಅಳುವುದು ಕಿಟಕಿಯಿಂದ ಕಾಣುತ್ತಿತ್ತು.

ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದರು. "ಆ ಕೂಸ್ನ ನೀನು ಇಟ್ಕತೀಯೇನೆ?"

"ಅಯ್ಯೋ, ನಾನ್ ಹೆಂಗೆ ಇಟ್ಕಳ್ಳಿ ಅತ್ತೆ?"

"ಇಟ್ಕಳಂಗಿದ್ರೆ ಉಣ್ಸು. ಇಲ್ದಿದ್ರೆ ಕೆಳಕ್ಕಿಳ್ಸು. ಶನಿವಾರ ಆ ಮೇಡಮ್ಮು ಬಂದು ನೋಡಿ, ಮಗು ಅವ್ರಿಗೆ ಹೊಂದ್ಕಂಡಿಲ್ಲ ಅಂತ ಬರ‍್ದುಬುಟ್ರೆ? ನೀನು ನಾಕ್ ದಿನ ಮುದ್ದಾಡಿದ್ದಕ್ಕೆ ಅದುಕ್ಕೆ ಅವ್ವನೂ ಇಲ್ಲ ಅಪ್ಪನೂ ಇಲ್ಲ ಮಾಡ್ತೀಯಲ್ಲೆ."

ನನಗೆ ಸಿಟ್ಟು ನೆತ್ತಿಗೇರಿತು. ಹಸಿದ ಮಗುವಿಗೆ ಅನ್ನ ಇಟ್ಟದ್ದು ತಪ್ಪೇ ಎಂದು ಪಾತ್ರೆಗಳನ್ನು ಕುಕ್ಕಿದೆ. ಆದರೆ ಅತ್ತೆಯ ಮಾತು ನಿಜವಾಗಿತ್ತು, ಅದಕ್ಕೇ ಸಿಟ್ಟು ಬಂದದ್ದು. ಪುಟ್ಟಿ ಉಂಡರೆ ಸಾಕು ಎಂದು ಶುರುಮಾಡಿದವಳು, ನನ್ನ ಕೈಯಲ್ಲೇ ಉಣ್ಣಲಿ ಎನ್ನುವಲ್ಲಿಗೆ ಬಂದು ನಿಂತಿದ್ದೆ.

ಮಾರನೆಯ ಬೆಳಗ್ಗೆ ಸಿಗ್ನಲ್ ಸಿಗುವ ಗೇಟಿನ ತಿರುವಿಗೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಪುಟ್ಟಿಯನ್ನು ನೋಡಿಕೊಳ್ಳುತ್ತಿದ್ದ ಆಯಾ ಇದ್ದರೆ ಮಾತಾಡಿಸಿ ಎಂದೆ. ಆ ಹೆಂಗಸು ಫೋನ್ ತೆಗೆದುಕೊಂಡವಳೇ, "ಉಣ್ತಾವ್ಳಾ ಅಕ್ಕಾ?" ಎಂದು ಕೇಳಿದಳು. ಇವರ ಕೈಯಲ್ಲಿ ಉಣ್ಣುತ್ತಿಲ್ಲ ಎಂದೆ.

"ತಟ್ಟೆ ಬ್ಯಾರೆ ಇಕ್ಕಿದ್ರಾ?"

"ಹೂಂ, ಹೊಸ ತಟ್ಟೆ."

"ಅದುಕ್ಕೇ ಕಣಕ್ಕಾ. ಅವ್ಳು ಒಬ್ಳೇ ಉಂಡೋಳೇ ಅಲ್ಲ. ನಮ್ಮಲ್ಲಿ ಚಿಕ್ಕೋವು ಆರು ಅವೆ. ಒಂದೇ ತಟ್ಟೇಲಿ ಕಲ್ಸಿ, ಸಾಲಾಗಿ ಕೂರ‍್ಸಿ, ಒಂದೊಂದೇ ತುತ್ತು ಕೊಟ್ಕಂಡು ಬತ್ತೀನಿ. ಮಧ್ಯ ಬಾಯಿ ಬಿಟ್ರೆ ಬೈತೀನಿ ಅಂತ ಅವುಕ್ಕೆ ಗೊತ್ತು. ಇವ್ಳದು ನಾಕ್ನೇ ಸರದಿ. ಮುಂದ್ಗಡೆ ಮೂರು ಜನ ಉಣ್ಣೋಗಂಟ ಅವ್ಳು ಬಾಯೇ ಬಿಡಲ್ಲ, ಬಂಗಾರದಂತಾ ಮಗು." ಅಷ್ಟು ಹೇಳಿ ಅವಳು ಮೂಗು ಎಳೆದುಕೊಂಡದ್ದು ಅತ್ತಲಿಂದ ಕೇಳಿಸಿತು.

ಗೇಟಿನ ಹತ್ತಿರದ ಕಲ್ಲಿನ ಮೇಲೆ ಕೂತುಬಿಟ್ಟೆ. ಎರಡು ದಿನ ಆ ಮಗು ಎಡಕ್ಕೆ ಬಲಕ್ಕೆ ನೋಡಿದ್ದು ಯಾರನ್ನು ಎಂದು ಆಗ ತಿಳಿಯಿತು. ತನ್ನ ಸರದಿ ಬರಲಿ ಎಂದು ಹಸಿದುಕೊಂಡು ಕಾಯುತ್ತಿತ್ತು, ಸಾಲೇ ಇಲ್ಲದ ಮೇಜಿನ ಮುಂದೆ. ಇನ್ನು ನನ್ನ ಕೈಗುಣ! ಗುಣವೆಲ್ಲ ಕಾಗೆಯದು, ನಾಯಿಯದು, ಗುಬ್ಬಿಯದು. ಅವು ಮೂರೂ ಮುಂಚೆ ಉಂಡದ್ದರಿಂದ ಇವಳು ಬಾಯಿ ತೆರೆದಿದ್ದಳು. ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು.

ಅವರಿಬ್ಬರಿಗೂ ಇದನ್ನು ಫೋನಿನಲ್ಲೂ ಕೈಸನ್ನೆಯಲ್ಲೂ ವಿವರಿಸಿದೆ. ಅವಳು ಎರಡೆರಡು ಸಲ ಓದಿ, ತನ್ನ ಗಂಡನ ಕೈ ಹಿಡಿದುಕೊಂಡಳು. ಮಧ್ಯಾಹ್ನ ಜಗಲಿಯಲ್ಲಿ ಸಾಲು ಹಾಕೋಣ ಎಂದು ನಿಶ್ಚಯವಾಯಿತು. ಪುಟ್ಟಿಗೆ ಮುಂಚೆ ಮೂರು ಜನ ಬೇಕು. ಒಬ್ಬ ಅವಳ ಗಂಡ, ಒಬ್ಬಳು ನಾನು. ನನ್ನ ಗಂಡ ಕಾಫಿ ಮೂಟೆ ಹಾಕಿಕೊಂಡು ಪೇಟೆಗೆ ಹೋಗಿದ್ದರು. ಕಣದಲ್ಲಿರುವ ಯಾರನ್ನಾದರೂ ಕರೆಯುತ್ತೇನೆ ಎಂದು ಹೊರಟೆ.

"ಎಲ್ಲಿಗೆ ಹೋಯ್ತೀಯ? ಮೊದಲ್ನೇದು ನಾನ್ ಕೂರ‍್ತೀನಿ" ಎಂದರು ಅತ್ತೆ.

ನಾನು ಅವರ ಮುಖ ನೋಡಿದೆ. ಲಿಂಗಪೂಜೆ ಆಗದೆ ನೀರನ್ನೂ ಬಾಯಿಗೆ ಹಾಕದವರು. ಮಾಂಸ ತಿನ್ನುವವರು ಮುಟ್ಟಿದ ಅನ್ನವನ್ನು ಹುಟ್ಟಿದಾಗಿನಿಂದ ಉಂಡವರಲ್ಲ. ನೆಂಟರ ಮದುವೆಗೆ ಹೋದರೂ ಯಾರು ಬಡಿಸುತ್ತಾರೆ ಎಂದು ನೋಡಿ ಕೈ ಒಡ್ಡುವವರು. ಹೋಂಸ್ಟೇ ಶುರುಮಾಡಿದಾಗ ಮನೆಯವರಿಗೆ ಬೇರೆ, ಅತಿಥಿಗಳಿಗೆ ಬೇರೆ ಒಲೆ ಇಡಿಸಿದವರು ಅವರೇ.

"ಅತ್ತೆ, ಅವ್ಳು ಕೈಯಲ್ಲಿ ಕಲ್ಸಿ..." ಎಂದು ತೊದಲಿದೆ.

"ಗೊತ್ತೈತೆ ಕಣೆ. ಶಿವನಿಗೆ ನಾನ್ ಹೇಳ್ಕತೀನಿ. ನೀನು ಚಾಪೆ ಹಾಸು."

ಚಾಪೆ ಹಾಸಿದೆ. ಅತ್ತೆ, ಪುಟ್ಟಿಯ ಅಪ್ಪ, ನಾನು, ನನ್ನ ಪಕ್ಕ ಪುಟ್ಟಿ. ಎದುರಿಗೆ ದೊಡ್ಡ ತಟ್ಟೆ ಇಟ್ಟುಕೊಂಡು ಆ ತಾಯಿ. ಅವಳಿಗೆ ಚಮಚ ಬಿಟ್ಟು ಗೊತ್ತಿಲ್ಲ. ಅನ್ನ ಸಾರು ಕಲಸಿದಾಗ ಬೆರಳಿನ ಸಂದಿಯಿಂದ ಮೊಣಕೈವರೆಗೆ ಸೋರಿತು. ಮೊದಲನೆಯ ತುತ್ತು ಎಷ್ಟು ದೊಡ್ಡದಾಗಿತ್ತೆಂದರೆ ಅರ್ಧ ಅತ್ತೆಯ ಮಡಿಲಿಗೆ ಬಿತ್ತು. ಅತ್ತೆ ಕಣ್ಣು ಮುಚ್ಚಿ, ಬಾಯಿಗೆ ಬಂದಷ್ಟನ್ನು ನಿಧಾನಕ್ಕೆ ಅಗಿದು ನುಂಗಿದರು. ಮಡಿಲಿಗೆ ಬಿದ್ದದ್ದನ್ನೂ ಒಂದೊಂದೇ ಅಗುಳು ಆಯ್ದು ಬಾಯಿಗೆ ಹಾಕಿಕೊಂಡರು. ಆ ಅತ್ತೆಯ ಮೇಲೆ ಮೂವತ್ತು ವರ್ಷದಿಂದ ನಾನು ಕಟ್ಟಿಕೊಂಡಿದ್ದ ಎಷ್ಟೋ ಸಿಟ್ಟು ಆ ಹೊತ್ತಿನಲ್ಲಿ ಕರಗಿಹೋಯಿತು.

ಅಪ್ಪ ಡಾಕ್ಟರಿಗೆ ಗಂಟಲು ತೋರಿಸುವವನಂತೆ ಆ ಎಂದ. ಆಮೇಲೆ ನನ್ನ ಸರದಿ. ಅವಳ ಸಾರು ಮೆತ್ತಿದ ಬೆರಳು ನನ್ನ ತುಟಿಗೆ ತಾಗಿತು. ನನ್ನ ಅವ್ವ ತೀರಿಕೊಂಡ ಮೇಲೆ ನನ್ನ ಬಾಯಿಗೆ ಯಾರೂ ತುತ್ತು ಇಟ್ಟಿರಲಿಲ್ಲ. ಊರಿಗೆಲ್ಲ ಉಣ್ಣಿಸುವವಳಿಗೆ ಅದು ಹೊಳೆದೇ ಇರಲಿಲ್ಲ.

ಪುಟ್ಟಿ ಇಷ್ಟು ಹೊತ್ತೂ ಕುತ್ತಿಗೆ ಚಾಚಿ ಸಾಲನ್ನೇ ನೋಡುತ್ತಿದ್ದಳು. ತಾಯಿಯ ಕೈ ಮತ್ತೆ ತಟ್ಟೆಗೆ ಇಳಿದದ್ದೇ, ತುತ್ತು ಮೇಲೇಳುವ ಮೊದಲೇ ಅವಳ ಬಾಯಿ ತೆರೆದುಕೊಂಡಿತ್ತು. ನಾನು ಕೂಗಿಬಿಡುತ್ತಿದ್ದೆನೇನೋ, ಅತ್ತೆ ಪುಟ್ಟಿಯ ಅಪ್ಪನ ಹಿಂದಿನಿಂದ ಕೈ ಚಾಚಿ ನನ್ನ ಬೆನ್ನು ಚಿವುಟಿದರು. ಪುಟ್ಟಿ ಅಗಿದಳು, ನುಂಗಿದಳು, ಮತ್ತೆ ಅತ್ತೆಯ ಕಡೆ ನೋಡಿದಳು, ನಡೀಲಿ ಎನ್ನುವಂತೆ.

ಎರಡನೆಯ ಸುತ್ತು ಆಯಿತು. ಮೂರನೆಯ ಸುತ್ತಿನಲ್ಲಿ ತುತ್ತು ನನ್ನ ಹತ್ತಿರ ಬಂತು, ನಾನು ಬಾಯಿ ತೆರೆದೆ. ಪುಟ್ಟಿ ಮಂಡಿಯೂರಿ ಎದ್ದು, ಎರಡೂ ಕೈಯಲ್ಲಿ ತಾಯಿಯ ಮಣಿಕಟ್ಟು ಹಿಡಿದು ತನ್ನ ಕಡೆ ಎಳೆದುಕೊಂಡಳು. ನನ್ನ ಗಲ್ಲವನ್ನು ಅಂಗೈಯಿಂದ ಆಚೆಗೆ ನೂಕಿ, "ನಿಂಗೆ ಸಾಕು" ಎಂದಳು. ಆ ತುತ್ತನ್ನು ತಾನೇ ತಿಂದು, ಹಾಗೇ ತೆವಳಿಕೊಂಡು ಹೋಗಿ ತಾಯಿಯ ತೊಡೆಯ ಮೇಲೆ ಕೂತಳು.

ಅಷ್ಟು ನೋವೂ ಅಷ್ಟು ಸಂತೋಷವೂ ನನಗೆ ಹಿಂದೆಂದೂ ಒಟ್ಟಿಗೆ ಆಗಿರಲಿಲ್ಲ. ಮಜ್ಜಿಗೆ ತರುತ್ತೇನೆ ಎಂದು ಹೇಳಿ ಸಾಲಿನಿಂದ ಎದ್ದು ಒಳಗೆ ಹೋದೆ.