ಹೊಳೆಯ ಎರಡೂ ದಡದ ಮಣ್ಣು ಬಲ್ಲ ತೆಂಚಾ

ಬೆಳಗಿನ ಆರು ಗಂಟೆ. ಕ್ಲೇಟನ್ ಫೋರ್ಡ್ ಊರಿನ ಒಂದು ಹಿತ್ತಲಲ್ಲಿ ಐವತ್ತೇಳರ ಹೆಂಗಸೊಬ್ಬರು ಮಂಡಿಯೂರಿ ಕೂತು, ಟೊಳ್ಳು ಉಕ್ಕಿನ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೆಲಕ್ಕೆ ಇಳಿಸುತ್ತಿದ್ದಾರೆ. ಬಿಸಿಲೇರಿದರೆ ಟೆಕ್ಸಸ್ಸಿನ ಈ ನೆಲ ಕಾದ ಹೆಂಚು. ಅದಕ್ಕೇ ಈ ಅವಸರ. ಮನೆಯ ನಾಯಿ ಮೊದಲು ಬೊಗಳಿ, ಆಮೇಲೆ ಮೂಸಿ ನೋಡಿ, ಈಗ ಅವರ ಬೆನ್ನಿಗೆ ಒರಗಿ ಮಲಗಿದೆ. ನಾಲ್ಕು ಮೂಲೆಯಲ್ಲಿ ಒಂದೊಂದು ಕಡೆ, ನಡುವೆ ಒಂದು ಕಡೆ, ಸೂರಿನ ನೀರು ಬೀಳುವ ಜಾಗದಲ್ಲಿ ಮತ್ತೊಂದು. ಮೇಲಿನ ಒಂದಂಗುಲ ಮಣ್ಣನ್ನು ಬೇರೆಯೇ ಚೀಲಕ್ಕೆ ಹಾಕುತ್ತಾರೆ. ಮಕ್ಕಳ ಕೈಗೆ ಮೆತ್ತಿಕೊಳ್ಳುವುದು ಆ ಒಂದಂಗುಲವೇ.

"ನೋಡಿದ್ರೆ ಏನೂ ಗೊತ್ತಾಗಲ್ಲ ಕಣ್ರೀ. ಸೀಸಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಟೊಮೇಟೊ ಚೆಂದಾಗಿ ಬೆಳೆದಿರೋ ಹಿತ್ತಲಲ್ಲೇ ಎಷ್ಟೋ ಸಲ ಜಾಸ್ತಿ ಇರುತ್ತೆ," ಎನ್ನುತ್ತಾ ಅವರು ಚೀಲದ ಮೇಲೆ ಪೆನ್ಸಿಲಿನಲ್ಲಿ ಮನೆಯ ನಂಬರು, ಆಳ, ತಾರೀಖು, ಗಂಟೆ ಬರೆಯುತ್ತಾರೆ. ಶಾಯಿ ನೀರು ಬಿದ್ದರೆ ಹರಡುತ್ತದೆ, ಪೆನ್ಸಿಲು ಹರಡುವುದಿಲ್ಲ.

ಇವರ ಹೆಸರು ಒರ್ತೆನ್ಸಿಯಾ ಅರ್ರಿಯೇತಾ. ಹೊಳೆಯ ಎರಡೂ ದಡದವರಿಗೆ ದೋನ್ಯಾ ತೆಂಚಾ, ಅಂದರೆ ತೆಂಚಾ ಅಮ್ಮನವರು. ಹೊಳೆಯ ಉತ್ತರಕ್ಕೆ ಅಮೆರಿಕದ ಕ್ಲೇಟನ್ ಫೋರ್ಡ್, ದಕ್ಷಿಣಕ್ಕೆ ಮೆಕ್ಸಿಕೋದ ವಾದೋ ಒಂದೋ. ದಿನಾ ಬೆಳಗ್ಗೆ ಸೇತುವೆ ದಾಟಿ ಬಂದು ಉತ್ತರದಲ್ಲಿ ದುಡಿದು, ಸಂಜೆ ದಕ್ಷಿಣದ ಲಾ ಲದೇರಾ ಕೇರಿಗೆ ಮರಳುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಇವರು ಮಣ್ಣು ತೆಗೆದ ಹಿತ್ತಲುಗಳು ನಾಲ್ಕು ಸಾವಿರದ ನೂರ ಹನ್ನೆರಡು.

ಉತ್ತರ ದಡದಲ್ಲಿ ಸೀಸ ಕರಗಿಸುವ ಕಾರ್ಖಾನೆಯೊಂದು ಎಂಬತ್ತು ವರ್ಷ ಹೊಗೆ ಉಗುಳಿತ್ತು. ಅದು ಮುಚ್ಚಿದ ಮೇಲೆ ಅಮೆರಿಕದ ಸರ್ಕಾರ ಊರನ್ನು ವಿಷ ನೆಲಗಳ ಪಟ್ಟಿಗೆ ಸೇರಿಸಿತು, ಕೆಡಿಸಿದವರಿಂದಲೇ ಖರ್ಚು ವಸೂಲಿ ಮಾಡಿತು. ತೆಂಚಾ ಕಳಿಸಿದ ಮಣ್ಣಿನಲ್ಲಿ ಸೀಸ ಮಿತಿ ಮೀರಿದ್ದರೆ ಅಗೆಯುವವರು ಬರುತ್ತಾರೆ. ಒಂದಡಿ ಮಣ್ಣು ಎತ್ತಿ, ತಳಕ್ಕೆ ಕಿತ್ತಳೆ ಬಣ್ಣದ ಬಲೆ ಹಾಸಿ, ಮೇಲೆ ಒಳ್ಳೆಯ ಮಣ್ಣು ತುಂಬಿ ಹುಲ್ಲು ಹಾಕುತ್ತಾರೆ. ಮುಂದೆಂದಾದರೂ ಅಗೆಯುವವನಿಗೆ ಆ ಬಲೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು ಎಂದರ್ಥ.

ಕೊಳವೆ ಇಳಿಸುವುದು ಕಷ್ಟವಲ್ಲ, ಬಾಗಿಲು ತೆರೆಸುವುದೇ ಕಷ್ಟ. ತೀರಿಹೋದ ಹೆಂಡತಿ ನೆಟ್ಟ ಗುಲಾಬಿ ಹಾಳಾದೀತೆಂದು ಮುದುಕರೊಬ್ಬರು ಮೂರು ವರ್ಷ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ತೆಂಚಾ ಹೋಗಿ ಅವರ ಜೊತೆ ಕಾಫಿ ಕುಡಿದರು. ವಾರದ ಮೇಲೆ ಹದಿನಾಲ್ಕು ಗಿಡಗಳನ್ನೂ ತಾವೇ ಎತ್ತಿ, ಬೇರು ತೊಳೆದು, ಹೊಸ ಮಣ್ಣಿಗೆ ನೆಟ್ಟುಕೊಟ್ಟರು. ಎರಡು ಸತ್ತವು. ಅದನ್ನು ತೆಂಚಾ ಇವತ್ತಿಗೂ ನೆನೆಸಿ ಬೇಸರ ಪಡುತ್ತಾರೆ.

ತೆಂಚಾರ ಅಪ್ಪ ಅದೇ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ. ಸಂಜೆ ಮೈಯೆಲ್ಲ ಬೂದಿಯಾಗಿ ಮನೆಗೆ ಬರುತ್ತಿದ್ದರು. ಅಮ್ಮ ಅವರ ಬಟ್ಟೆಯನ್ನು ಅಂಗಳದಲ್ಲಿ ಕೊಡವುತ್ತಿದ್ದರು. ಅದೇ ಅಂಗಳದಲ್ಲಿ ತಮ್ಮ ನಸಾರಿಯೋ ಅಂಬೆಗಾಲಿಡುತ್ತಿದ್ದ. ಮಣ್ಣು ತಿನ್ನುವ ಮಗು. ಮಾತು ಬಂದದ್ದು ಆರನೇ ವರ್ಷಕ್ಕೆ; ಓದು ತಲೆಗೆ ಹತ್ತಲೇ ಇಲ್ಲ. ದಡ್ಡ ಅಂತ ಮೇಷ್ಟ್ರು ಹೊಡೆದರು, ದೇವರಿಟ್ಟ ಹಾಗೆ ಅಂತ ಅಮ್ಮ ಸುಮ್ಮನಾದರು. ಕೆಲಸಕ್ಕೆ ಸೇರಿದ ಮೊದಲ ವಾರದ ತರಬೇತಿಯಲ್ಲಿ, ಸೀಸ ಮಕ್ಕಳ ಮಿದುಳಿಗೆ ಏನು ಮಾಡುತ್ತದೆ ಎಂದು ಯಾರೋ ವಿವರಿಸುತ್ತಿದ್ದಾಗ ತೆಂಚಾ ಎದ್ದು ಹೊರಗೆ ಹೋದರು. ತಮ್ಮನಿಗೆ ಆಗ ಮೂವತ್ತು ದಾಟಿತ್ತು.

ವರ್ಷದ ಅರ್ಧ ಕಾಲ ಗಾಳಿ ಬೀಸುವುದು ದಕ್ಷಿಣಕ್ಕೆ. ಹೊಗೆಯೂ ಹೊಳೆ ದಾಟಿತ್ತು. ಆದರೆ ದಕ್ಷಿಣ ದಡದ ಕೇರಿಗಳಿಗೆ ಕೊಳವೆ ಹಿಡಿದು ಯಾರೂ ಬಂದಿರಲಿಲ್ಲ. ಮೆಕ್ಸಿಕೋದಲ್ಲಿ ಕಾನೂನು ಇಲ್ಲವೆಂದಲ್ಲ. ಮನೆಯಂಗಳದ ಒಂದು ಕಿಲೋ ಮಣ್ಣಿನಲ್ಲಿ ಸೀಸ ನಾನೂರು ಮಿಲಿಗ್ರಾಂ ಮೀರಬಾರದು. ಬಹುಕಾಲ ಅಮೆರಿಕದ ಅಂಕಿಯೂ ಅದೇ ಇತ್ತು. ಒಮ್ಮೆ ಕೆಲಸ ನೋಡಲು ಬಂದ ಕೆನಡಾದ ಎಂಜಿನಿಯರ್ ಒಬ್ಬರು ತಮ್ಮಲ್ಲಿ ಅದು ನೂರ ನಲವತ್ತು ಎಂದರಂತೆ. ಜರ್ಮನಿಯಲ್ಲಿ ಮಕ್ಕಳು ಆಡುವ ಜಾಗಕ್ಕೆ ಬೇರೆಯೇ ಅಂಕಿ, ಇನ್ನೂರು.

"ಒಂದೊಂದು ದೇಶಕ್ಕೆ ಒಂದೊಂದು ಅಂಕಿ, ಆಗ್ಲಿ ಬಿಡಿ," ಎನ್ನುತ್ತಾರೆ ತೆಂಚಾ. "ನಮ್ಮ ಕೇರಿದು ಎಷ್ಟು ಅಂತ ಯಾರಿಗೂ ಗೊತ್ತಿರ್ಲಿಲ್ವಲ್ಲ. ಅಳೆದೇ ಇಲ್ಲ ಅಂದ್ಮೇಲೆ ಯಾವ ಅಂಕಿ ಇಟ್ಕೊಂಡು ಏನು ಮಾಡೋದು?"

ಆರು ವರ್ಷದ ಹಿಂದೆ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದವರೇ ತಮ್ಮ ಅಂಗಳದಲ್ಲೇ ಶುರು ಮಾಡಿದರು. ಊರಿನ ತಾಂತ್ರಿಕ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಬಾಲ್ದೊಮೇರೋ ಉರ್ಕೀದಿ ತಮ್ಮಲ್ಲಿದ್ದ, ಚೀಲ ಬಿಚ್ಚದೆಯೇ ಅಳೆಯುವ ಯಂತ್ರದಲ್ಲಿ ನೋಡಿಕೊಡಲು ಒಪ್ಪಿದರು. ತೆಂಚಾರ ಅಂಗಳದ್ದು ಸಾವಿರದ ಮುನ್ನೂರ ನಲವತ್ತು ಬಂತು. ಅಲ್ಲಿಂದ ಮನೆ ಮನೆಗೆ ಹೊರಟರು. ಎರಡು ವರ್ಷ, ಇನ್ನೂರ ಹನ್ನೆರಡು ಅಂಗಳ.

ಕೇರಿಯವರೆಲ್ಲ ಖುಷಿಪಟ್ಟರು ಎಂದೇನಿಲ್ಲ. ಪಕ್ಕದ ಮನೆಯ ಕ್ರಿಸ್ಪೀನಾಳ ಮನೆ ಮಾರಾಟಕ್ಕಿತ್ತು. ಸುದ್ದಿ ಹಬ್ಬಿ ಕೊಳ್ಳುವವರು ಹಿಂದೆ ಸರಿದರು. ಕೇರಿಯ ಬಾಯಿಗೇ ಮಣ್ಣು ಹಾಕೋಕೆ ಹೊರಟಿದ್ದಾಳೆ ಇವಳು ಎಂದು ಬೈದ ಕ್ರಿಸ್ಪೀನಾ ಎಂಟು ತಿಂಗಳು ಮಾತು ಬಿಟ್ಟಳು. ಆಮೇಲೆ ಅವಳ ಮೊಮ್ಮಗಳ ರಕ್ತ ಪರೀಕ್ಷೆಯಾಯಿತು. ಸೀಸ ಇತ್ತು. ಮುಂದಿನ ಭಾನುವಾರ ಕ್ರಿಸ್ಪೀನಾ ಗೇಟಿನ ಹತ್ತಿರ ಬಂದು ನಿಂತಳು.

"ಚೀಲ ನಾನು ಹಿಡ್ಕೋತೀನಿ, ನೀನು ಅಗಿ," ಅಂದಳು. ಅವತ್ತಿನಿಂದ ಬಾಗಿಲು ತಟ್ಟುವ ಕೆಲಸ ಅವಳದು. ಅವಳ ಬಾಯಿಗೆ ಹೆದರಿಯೇ ಅರ್ಧ ಕೇರಿ ಬಾಗಿಲು ತೆರೆಯಿತು ಎಂದು ತೆಂಚಾ ನಗುತ್ತಾರೆ.

ದೂರು ಹಿಡಿದು ನಗರಸಭೆಗೆ ಹೋದಾಗ ಅಧಿಕಾರಿ ತಲೆಯೆತ್ತದೆಯೇ, ಖಾಸಗಿಯವರು ತಂದ ಮಣ್ಣು ಸಾಕ್ಷಿಯಾಗದು, ಎಲ್ಲಿಂದ ಅಗೆದಿರೋ ಯಾರು ಬಲ್ಲರು ಎಂದರು. ತೆಂಚಾ ಜೊತೆಗೆ ತಂದಿದ್ದ ಮಣ್ಣಿನ ಚೀಲಗಳ ಡಬ್ಬವನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಪ್ರತಿ ಚೀಲಕ್ಕೂ ನಂಬರು, ಆಳ, ಗಂಟೆ, ಒಡೆಯದ ಮೊಹರು, ಎರಡು ಸಹಿ. ಚೀಲ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಬೇರೆ ಹಾಳೆ. ಅಧಿಕಾರಿ ಒಂದೊಂದೇ ಚೀಲ ಎತ್ತಿ ನೋಡಿದರು. ನೋಡುತ್ತಾ ನೋಡುತ್ತಾ ಇವರಿಗೊಂದು ಕುರ್ಚಿ ತರಿಸಿದರು.

"ಇದೆಲ್ಲ ಎಲ್ಲಿ ಕಲಿತ್ರಿ ದೋನ್ಯಾ?"

"ಹೊಳೆಯಾಚೆ ಹದಿನೈದು ವರ್ಷದಿಂದ ದಿನಾ ಮಾಡೋದು ಇದೇ ಸ್ವಾಮಿ."

"ಈ ಎರಡನೇ ಸಹಿ ಯಾರದು, ನಸಾರಿಯೋ ಅಂತ?"

"ನನ್ನ ತಮ್ಮ. ಅವನಿಗೆ ಬರೆಯೋಕೆ ಬರೋದು ಅದೊಂದೇ, ಅವನ ಹೆಸರು. ಆದ್ರೆ ಕಣ್ಣಾರೆ ನೋಡದೆ ಸಹಿ ಹಾಕೋನಲ್ಲ."

ಹನ್ನೊಂದು ತಿಂಗಳ ಮೇಲೆ ರಾಜಧಾನಿಯಿಂದ ಪರೀಕ್ಷಕರು ಬಂದರು. ಕೇರಿಯ ಶಿಶುವಿಹಾರದ ಅಂಗಳ ಎಲ್ಲಕ್ಕಿಂತ ಕೆಟ್ಟಿತ್ತು. ಅದನ್ನೇ ಮೊದಲು ಅಗೆದು ಮಣ್ಣು ಬದಲಿಸಿದರು. ಇಲ್ಲಿಯವರೆಗೆ ಮೂವತ್ತೊಂದು ಅಂಗಳ ಮುಗಿದಿದೆ. ಸರದಿಯ ಪಟ್ಟಿ ಬರೆದುಕೊಟ್ಟವರು ತೆಂಚಾ. ಚಿಕ್ಕ ಮಕ್ಕಳಿರುವ ಮನೆ ಮುಂದೆ, ಇಲ್ಲದ ಮನೆ ಹಿಂದೆ. ಅದರಲ್ಲಿ ಅವರದೇ ಅಂಗಳದ ನಂಬರು ಕಟ್ಟಕಡೆಯದು, ಇನ್ನೂರ ಹನ್ನೆರಡು. ಅಲ್ಲಿಯವರೆಗೆ ಅಕ್ಕ-ತಮ್ಮ ಇಬ್ಬರೂ ಚಪ್ಪಲಿಯನ್ನು ಹೊಸ್ತಿಲ ಹೊರಗೇ ಬಿಟ್ಟು, ನೆಲವನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ.

ಶಿಶುವಿಹಾರ ಮತ್ತೆ ತೆರೆದ ದಿನ ಸಮಾರಂಭವಿತ್ತು, ಮೇಯರ್ ಭಾಷಣವಿತ್ತು. ತೆಂಚಾ ಹೋಗಲಿಲ್ಲ, ಅವತ್ತು ಕೆಲಸದ ದಿನ. ಯಾವ ಭಾಷಣದಲ್ಲೂ ಅವರ ಹೆಸರು ಬರಲಿಲ್ಲವೆಂದು ಕ್ರಿಸ್ಪೀನಾ ಇಂದಿಗೂ ಹಲ್ಲು ಕಡಿಯುತ್ತಾಳೆ. ಆ ಮಾತೆತ್ತಿದರೆ ತೆಂಚಾ ಬೇರೆಯೇ ಕತೆ ತೆಗೆಯುತ್ತಾರೆ. ರಾಜಧಾನಿಯವರು ಇವರ ಲೆಕ್ಕ ನಂಬದೆ ನಲವತ್ತು ಅಂಗಳಗಳಲ್ಲಿ ಮತ್ತೆ ತಾವೇ ಮಣ್ಣು ತೆಗೆದು ಅಳೆದಿದ್ದರು.

"ಮೂವತ್ತೇಳು ಕಡೆ ನನ್ನ ಅಂಕಿನೇ ಬಂತು," ಎನ್ನುತ್ತಾರೆ, ಕೊಳವೆಗೆ ಅಂಟಿದ ಮಣ್ಣನ್ನು ತೊಳೆಯುತ್ತಾ. "ಮೂರು ಕಡೆ ಯಾಕೆ ಬೇರೆ ಬಂತು ಅಂತ ತಿಳೀಬೇಕು. ರಜಾ ಸಿಕ್ಕಿದ ದಿನ ಆ ಮೂರನ್ನೂ ಇನ್ನೊಂದ್ಸಲ ತೆಗೀಬೇಕು. ಅಷ್ಟೇ ನನ್ನಾಸೆ."